ಗೊಂಬೆ ಹಬ್ಬಕ್ಕೆ ಪುಟಾಣಿ ಕ್ಲೇ ಸಿಹಿತಿಂಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಹತ್ತಿರ ಬಂತೆಂದರೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಯಾವ ಕ್ಲೇ ತರಬೇಕು, ಓವನ್ ಇಲ್ಲದಿದ್ದರೆ ಏನು ಮಾಡಬೇಕು, ಜಿಲೇಬಿಗೆ ಪಾಕದ ಹೊಳಪು ಹೇಗೆ ಬರುತ್ತದೆ. ಉತ್ತರಗಳನ್ನೆಲ್ಲ ಇಲ್ಲಿ ಒಂದೆಡೆ ಬರೆದಿದ್ದೇನೆ. ಬರೆದಿರುವುದು ನಮ್ಮ ಕಡೆಯ ಸಿಹಿಗಳ ಬಗ್ಗೆ ಮಾತ್ರ. ಕಪ್‌ಕೇಕ್, ಡೋನಟ್ ಮಾಡಿ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಧಾರವಾಡ ಪೇಡದ್ದು ಹುಡುಕಿ ನೋಡಿ, ಆಗ ಕಷ್ಟ ಗೊತ್ತಾಗುತ್ತದೆ.

ಗೊಂಬೆಗಳ ಮುಂದೆ ನಿಜವಾದ ತಿಂಡಿಯನ್ನೇ ಇಡಬಹುದಲ್ವಾ?

ಇಡಬಹುದು, ಇಡುತ್ತಾರೆ ಕೂಡ. ಶೆಟ್ಟರ ಅಂಗಡಿಯ ಗೊಂಬೆ ಮುಂದೆ ಅಕ್ಕಿ, ಬೇಳೆ, ಮೆಣಸಿನಕಾಯಿ ಸುರಿದಿಡುವುದು ಹಳೆಯ ಪದ್ಧತಿ. ಧಾನ್ಯವಾದರೆ ಹತ್ತು ದಿನ ಕೂತಿರುತ್ತದೆ. ಸಿಹಿ ಹಾಗಲ್ಲ. ಎರಡನೇ ದಿನಕ್ಕೆ ಇರುವೆ, ನಾಲ್ಕನೇ ದಿನಕ್ಕೆ ವಾಸನೆ. ಇನ್ನೊಂದು ತೊಂದರೆ ಅಳತೆಯದ್ದು. ಒಂದು ಗೇಣಿನ ಶೆಟ್ಟರ ಮುಂದೆ ನಿಜವಾದ ಲಾಡು ಇಟ್ಟರೆ ಅದು ಅವರ ತಲೆಗಿಂತ ದೊಡ್ಡದಾಗಿರುತ್ತದೆ. ಮದುವೆ ಸೆಟ್ಟು, ಸೀಮಂತದ ಸೆಟ್ಟು, ಬೇಕರಿ, ಸ್ವೀಟ್ ಸ್ಟಾಲ್, ಇವೆಲ್ಲ ಜೋಡಿಸುವವರಿಗೆ ಪುಟ್ಟ ತಟ್ಟೆಯಲ್ಲಿ ಪುಟ್ಟ ತಿಂಡಿಯೇ ಬೇಕು.

ಮನೆಗೆ ಬರುವ ಮಕ್ಕಳಿಗೆ ಕೊಡುವ ಗೊಂಬೆ ಬಾಗಿನ ಮಾತ್ರ ನಿಜವಾದ ತಿಂಡಿಯೇ ಇರಲಿ ಅನ್ನಿ.

ಯಾವ ಕ್ಲೇ ತರಬೇಕು? ಅಂಗಡಿಯಲ್ಲಿ ಐದಾರು ಬಗೆ ತೋರಿಸುತ್ತಾರೆ.

ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಪಾಲಿಮರ್ ಕ್ಲೇ. ಫಿಮೊ, ಸ್ಕಲ್ಪಿ, ಸರ್ನಿಟ್ ಎಲ್ಲವೂ ಇದೇ ಜಾತಿ. ಹೆಸರಿಗೆ ಕ್ಲೇ, ಆದರೆ ಇದರಲ್ಲಿ ಮಣ್ಣಿಲ್ಲ. ಪಿವಿಸಿ ಪುಡಿಗೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ ಸೇರಿಸಿ ಮಾಡಿರುತ್ತಾರೆ. ಗಾಳಿಗೆ ಇಟ್ಟರೆ ಒಣಗುವುದಿಲ್ಲ. ಓವನ್‌ನಲ್ಲಿ ಬೇಯಿಸಿದರೇ ಗಟ್ಟಿಯಾಗುವುದು. ಆದ್ದರಿಂದ ಒಂದು ಜಹಾಂಗೀರನ್ನು ಇವತ್ತು ಅರ್ಧ, ನಾಳೆ ಅರ್ಧ ಮಾಡಬಹುದು. ಅಳತೆ ಕುಗ್ಗುವುದು ತೀರಾ ಕಡಿಮೆ. ಕೊಯ್ದ ಅಂಚು, ಚುಚ್ಚಿದ ತೂತು ಹಾಗೇ ನಿಲ್ಲುತ್ತವೆ. ಬೆಲೆ ಜಾಸ್ತಿ, ಅದೊಂದೇ ತಕರಾರು.

ಎರಡನೆಯದು ಕೋಲ್ಡ್ ಪೋರ್ಸಲೀನ್. ಹೆಸರು ಕೇಳಿ ಹೆದರಬೇಡಿ. ಫೆವಿಕಾಲ್ ಮತ್ತು ಕಾರ್ನ್‌ಫ್ಲೋರ್ ಒಲೆಯ ಮೇಲೆ ಕಾಯಿಸಿದ ಮುದ್ದೆ, ಅಷ್ಟೇ. ಅಗ್ಗ. ಓವನ್ ಬೇಡ. ಒಣಗಿದ ಮೇಲೆ ಅರೆಪಾರದರ್ಶಕವಾಗುತ್ತದೆ, ಹಾಲುಬಾಯಿ, ಸಕ್ಕರೆ ಅಚ್ಚು, ಜಿಲೇಬಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಆದರೆ ಒಣಗುವಾಗ ಕುಗ್ಗುತ್ತದೆ, ನೀರು ತಾಗಿದರೆ ಮೆತ್ತಗಾಗುತ್ತದೆ.

ಮೂರನೆಯದು ಎರಡು ಡಬ್ಬಿಯ ಕ್ಲೇ. ಶಿಲ್ಪಕಾರ್, ಮೋಲ್ಡಿಟ್ ಇವೆಲ್ಲ ಈ ಬಗೆಯವು. ಎರಡು ಭಾಗ ಬೆರೆಸಿದ ಮೇಲೆ ತಾನಾಗಿಯೇ ಕಲ್ಲಿನಂತಾಗುತ್ತದೆ. ತಟ್ಟೆ, ಬಾಣಲೆ, ಅಂಗಡಿಯ ಕಟ್ಟೆ ಮಾಡಲು ಚೆನ್ನ. ತಿಂಡಿಗೆ ನಾನು ಬಳಸುವುದಿಲ್ಲ. ಬೆರೆಸಿದ ಮೇಲೆ ಗಟ್ಟಿಯಾಗುತ್ತಾ ಹೋಗುವುದರಿಂದ ಪುಟ್ಟ ಕೆಲಸಕ್ಕೆ ಪುರಸೊತ್ತೇ ಕೊಡುವುದಿಲ್ಲ.

ಮೊದಲ ಸಲ ಮಾಡುವವರು ಫೆವಿಕಾಲ್ ಕ್ಲೇಯಿಂದ ಶುರು ಮಾಡಿ. ಕೈ ಕುದುರಿದ ಮೇಲೆ ಪಾಲಿಮರ್ ತನ್ನಿ.

ಫೆವಿಕಾಲ್ ಕ್ಲೇ ಮಾಡುವ ಅಳತೆ ಹೇಳಿ.

ಬಿಳಿ ಫೆವಿಕಾಲ್ 1 ಕಪ್, ಕಾರ್ನ್‌ಫ್ಲೋರ್ 1 ಕಪ್, ಬೇಬಿ ಆಯಿಲ್ 2 ಚಮಚ, ವಿನೆಗರ್ ಅಥವಾ ನಿಂಬೆರಸ 1 ಚಮಚ. ಕಾರ್ನ್‌ಫ್ಲೋರ್ ಅಂದರೆ ಬೆಳ್ಳಗಿರುವ, ಗೋಬಿ ಮಂಚೂರಿಗೆ ಹಾಕುವ ಪುಡಿ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ಹಾಕಿದರೆ ಕೆಲಸ ಕೆಟ್ಟಿತು.

ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಹಳೇ ನಾನ್‌ಸ್ಟಿಕ್ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ ಇಡಿ. ಕೈ ಬಿಡದೆ ಮಗುಚುತ್ತಿರಿ. ಮೊದಲು ಮೊಸರಿನಷ್ಟು ತೆಳ್ಳಗಿದ್ದದ್ದು ಗಂಟು ಗಂಟಾಗಿ, ಆಮೇಲೆ ಬಾಣಲೆಯ ಬದಿ ಬಿಟ್ಟು ಒಂದೇ ಮುದ್ದೆಯಾಗುತ್ತದೆ. ಆಗ ತಕ್ಷಣ ಇಳಿಸಿ. ಇನ್ನೂ ಎರಡು ನಿಮಿಷ ಇರಲಿ ಅಂತ ಬಿಟ್ಟರೆ ಒಣಗಿ ಬಿರುಕು ಬಿಡುವ ಕ್ಲೇ ಸಿಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು, ಬಿಸಿ ತಡೆಯುವಷ್ಟಾದಾಗ ಚೆನ್ನಾಗಿ ನಾದಿ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಡಿ.

ಅಡುಗೆ ಎಣ್ಣೆ ಬೇಡ, ಕೆಲವು ತಿಂಗಳಿಗೆ ಕಮಟು ವಾಸನೆ ಬರುತ್ತದೆ. ವಿನೆಗರ್ ಬಿಡಬೇಡಿ, ಬೂಸ್ಟು ಹಿಡಿಯದಂತೆ ತಡೆಯುವುದು ಅದೇ. ಬಳಸಿದ ಬಾಣಲೆ, ಸೌಟು ಮತ್ತೆ ಅಡುಗೆಗೆ ಬೇಡ.

ಯಾವ ತಿಂಡಿ ಎಷ್ಟು ದೊಡ್ಡದಿರಬೇಕು?

ನಿಮ್ಮ ಗೊಂಬೆಯನ್ನೇ ಅಳೆಯಿರಿ. ಚಕ್ಕಂಬಕ್ಕಲ ಹಾಕಿ ಕೂತ ಮನುಷ್ಯ ಸುಮಾರು 84 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ನಿಮ್ಮ ಶೆಟ್ಟರ ಗೊಂಬೆ ಕೂತಲ್ಲಿ 14 ಸೆಂಟಿಮೀಟರ್ ಇದ್ದರೆ ಆರರಲ್ಲಿ ಒಂದು ಪಾಲು. ಆಗ 5 ಸೆಂಟಿಮೀಟರಿನ ಲಾಡು 8 ಮಿಲಿಮೀಟರ್ ಆಗುತ್ತದೆ. 6 ಸೆಂಟಿಮೀಟರ್ ಉದ್ದದ ಮೈಸೂರು ಪಾಕ್ 1 ಸೆಂಟಿಮೀಟರ್, 18 ಸೆಂಟಿಮೀಟರ್ ಅಗಲದ ಒಬ್ಬಟ್ಟು 3 ಸೆಂಟಿಮೀಟರ್. ಬಾರ್ಬಿ ಗೊಂಬೆಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ವಿದೇಶದ ಡಾಲ್‌ಹೌಸ್‌ಗಳದ್ದು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ಅಡಿಗೆ ಒಂದು ಇಂಚು. ಅಲ್ಲಿ ಲಾಡು 4 ಮಿಲಿಮೀಟರ್ ಆಗಿಬಿಡುತ್ತದೆ. ಕಣ್ಣಿಗೆ ಕಷ್ಟ. ಶುರುವಿಗೆ ಬೇಡ.

ಗೊಂಬೆಗಳು ನಾನಾ ಅಳತೆಯವು ಇರುತ್ತವೆ, ಎಲ್ಲದಕ್ಕೂ ಹೊಂದಿಸಲಾಗುವುದಿಲ್ಲ. ತಟ್ಟೆಯ ಪಕ್ಕದಲ್ಲಿ ಕೂರುವ ಗೊಂಬೆಗೆ ಹೊಂದಿದರೆ ಸಾಕು. ಫೆವಿಕಾಲ್ ಕ್ಲೇ ಕುಗ್ಗುವುದರಿಂದ ಹತ್ತರಲ್ಲೊಂದು ಪಾಲಾದರೂ ದೊಡ್ಡದಾಗಿ ಮಾಡಿ.

ಮೈಸೂರು ಪಾಕ್ ಮಾಡಿದರೆ ಸೋಪಿನ ತುಂಡಿನ ಹಾಗೆ ಕಾಣುತ್ತದೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಆಕಾರ ಸರಿ ಇರುತ್ತದೆ, ಬಣ್ಣವೂ ಹಳದಿಯೇ. ಆದರೂ ಸೋಪು. ಯಾಕೆಂದರೆ ಒಂದೇ ಬಣ್ಣದ ಕ್ಲೇಯನ್ನು ನಯವಾಗಿ ಲಟ್ಟಿಸಿ ಬ್ಲೇಡಿನಲ್ಲಿ ನೀಟಾಗಿ ಕೊಯ್ದಿರುತ್ತೀರಿ. ಬೆಂಕಿ ಕಂಡ ಯಾವ ತಿಂಡಿಗೂ ಒಂದೇ ಬಣ್ಣ ಇರುವುದಿಲ್ಲ. ಬಿಸಿ ಎಲ್ಲಿ ಜಾಸ್ತಿ ತಾಗಿತೋ ಅಲ್ಲಿ ಕಂದು, ಎಲ್ಲಿ ತಾಗಲಿಲ್ಲವೋ ಅಲ್ಲಿ ತಿಳಿ. ಕ್ಲೇಗೆ ಬಣ್ಣ ಹಾಕುವಾಗಲೂ ಒಲೆ ಎಲ್ಲಿತ್ತು ಅಂತ ಯೋಚಿಸಿ ಹಾಕಬೇಕು. ಈ ಕೆಲಸದಲ್ಲಿ ನಾನು ಹೇಳಿಕೊಡುವುದು ಮುಖ್ಯವಾಗಿ ಇದೊಂದೇ. ಉಳಿದದ್ದೆಲ್ಲ ಕೈಗೆ ತಾನಾಗಿ ಬರುತ್ತದೆ.

ಒಂದು ತುಂಡು ಗಟ್ಟಿ ಮೈಸೂರು ಪಾಕ್ ತನ್ನಿ. ಬಾಯಲ್ಲಿ ಕರಗುವ ತುಪ್ಪದ ಬಗೆಯಲ್ಲ, ಹಳೇ ಕಾಲದ ಗೂಡುಗೂಡಿನದು. ಮೈಸೂರಿನವರಾದರೆ ಸಯ್ಯಾಜಿ ರಾವ್ ರಸ್ತೆಯ ಗುರು ಸ್ವೀಟ್ ಮಾರ್ಟ್ ಇದ್ದೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಈ ತಿಂಡಿಯನ್ನು ಮೊದಲು ಮಾಡಿದರೆಂದು ಹೇಳುವ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ತುಂಡನ್ನು ಅಡ್ಡಕ್ಕೆ ಮುರಿದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೇಲೆ ಕೆಳಗೆ ತಿಳಿ ಹಳದಿ. ನಡುವೆ ಕಂದು ಪಟ್ಟಿ. ತಟ್ಟೆಗೆ ಸುರಿದಾಗ ಹೊರಗಿನ ಭಾಗ ಬೇಗ ಆರುತ್ತದೆ, ನಡುವೆ ಬಿಸಿ ಉಳಿದು ಕಡಲೆಹಿಟ್ಟು ಇನ್ನೂ ಸ್ವಲ್ಪ ಹೊತ್ತು ಬೇಯುತ್ತಲೇ ಇರುತ್ತದೆ. ಆ ಕಂದು ಅಲ್ಲಿಂದ ಬಂದದ್ದು. ತೂತುಗಳನ್ನೂ ನೋಡಿ. ಯಾವೆರಡೂ ಒಂದೇ ಅಳತೆಯಲ್ಲಿಲ್ಲ. ಕಾದ ತುಪ್ಪ ಹೊಯ್ದಾಗ ನೊರೆ ಎದ್ದ ಗುರುತು ಅವು.

ಈಗ ಪಾಲಿಮರ್ ಕ್ಲೇ. ಬಿಳಿ 4 ಪಾಲು, ಬಣ್ಣವಿಲ್ಲದ ಅರೆಪಾರದರ್ಶಕ ಟ್ರಾನ್ಸ್‌ಲೂಸೆಂಟ್ 2 ಪಾಲು, ಹಳದಿ 1 ಪಾಲು, ಕಾವಿ ಬಣ್ಣ ಒಂದು ಚಿಟಿಕೆ ಸೇರಿಸಿ ನಾದಿ. ಇದರಲ್ಲಿ ಮೂರನೇ ಒಂದು ಪಾಲು ತೆಗೆದು ಅದಕ್ಕೆ ಮಾತ್ರ ಸ್ವಲ್ಪ ಕಂದು ಬೆರೆಸಿ. ತಿಳಿ, ಕಂದು, ತಿಳಿ ಹೀಗೆ ಮೂರು ಪದರ ಜೋಡಿಸಿ ಮೆಲ್ಲಗೆ ಒತ್ತಿ. ಪದರಗಳ ಗೆರೆ ಎದ್ದು ಕಾಣಬಾರದು, ಒಂದಕ್ಕೊಂದು ಕಲೆತಿರಬೇಕು. ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಎರಡು ಬದಿ ಬ್ಲೇಡಿನಲ್ಲಿ ಕೊಯ್ಯಿರಿ, ಉಳಿದೆರಡು ಬದಿಯನ್ನು ಸೂಜಿಯಿಂದ ಕೆರೆದು ಹರಿಯಿರಿ. ಹರಿದ ಮುಖಕ್ಕೆ ಸೂಜಿಯಲ್ಲಿ ಚುಚ್ಚಿ, ಆಮೇಲೆ ಗಟ್ಟಿ ಎಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಟ್ಟಿ. ಬರೀ ಸೂಜಿ ಆದರೆ ತೂತುಗಳು ಸಾಲಾಗಿ ಕೂತು ಮತ್ತೆ ಕೃತಕವಾಗಿ ಕಾಣುತ್ತವೆ. ತಟ್ಟೆಯಲ್ಲಿಟ್ಟ ಮೇಲೆ ಒಂದು ತುಂಡಿನ ಮೂಲೆ ಮುರಿದು, ನಾಲ್ಕು ಪುಡಿ ಪಕ್ಕದಲ್ಲಿ ಉದುರಿಸಿ. ಹೊಳಪಿನ ವಾರ್ನಿಶ್ ಹಚ್ಚಬೇಡಿ. ಹೊಳೆದರೆ ಮತ್ತೆ ಸೋಪು.

ಒಬ್ಬಟ್ಟಿನ ಮೇಲಿನ ಕಂದು ಕಲೆ ಹೇಗೆ ಬರಿಸುವುದು?

ಪೇಂಟಿನಲ್ಲಿ ಚುಕ್ಕೆ ಇಟ್ಟರೆ ಬರುವುದಿಲ್ಲ. ಡ್ರೈ ಪೇಸ್ಟಲ್ ಕಡ್ಡಿ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಆಯಿಲ್ ಪೇಸ್ಟಲ್ ಅಲ್ಲ, ಕೈಗೆ ಪುಡಿ ಹತ್ತುವ ಸೀಮೆಸುಣ್ಣದಂಥದ್ದು. ಅದನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿಕೊಳ್ಳಿ. ತಿಳಿ ಹಳದಿ, ಕಾವಿ, ಕಂದು, ಕಡುಕಂದು, ಈ ನಾಲ್ಕಿದ್ದರೆ ನಮ್ಮ ಸಿಹಿಗಳಲ್ಲಿ ಮುಕ್ಕಾಲು ಪಾಲು ಮುಗಿಯಿತು.

ಒಬ್ಬಟ್ಟು ಹೆಂಚಿನ ಮೇಲೆ ಬೇಯುವುದನ್ನು ನೆನಪು ಮಾಡಿಕೊಳ್ಳಿ. ಉಬ್ಬಿದ ಜಾಗ ಮಾತ್ರ ಹೆಂಚಿಗೆ ತಾಗುತ್ತದೆ. ಕಂದು ಬೀಳುವುದು ಅಲ್ಲೇ. ಅಂಚು ತೆಳ್ಳಗೆ, ಬೆಳ್ಳಗೆ ಇರುತ್ತದೆ, ಹೂರಣ ಅಲ್ಲಿಯವರೆಗೆ ಹೋಗಿರುವುದಿಲ್ಲ. ಹಾಗಾಗಿ ಕ್ಲೇಯನ್ನು ಒಂದು ಮಿಲಿಮೀಟರಿಗೆ ತಟ್ಟಿ, ಬೆರಳಿನಿಂದ ಅಲ್ಲಲ್ಲಿ ಮೆಲ್ಲಗೆ ಒತ್ತಿ ಏರಿಳಿತ ಮಾಡಿ. ಬ್ರಷ್‌ಗೆ ಪುಡಿ ಹಿಡಿಸಿ, ಹೆಚ್ಚಾದದ್ದನ್ನು ಕಾಗದದ ಮೇಲೆ ಒರೆಸಿ, ಬ್ರಷ್ ಅಡ್ಡ ಹಿಡಿದು ಮೇಲ್ಮೈ ಸವರಿ. ತಗ್ಗುಗಳಿಗೆ ಬಣ್ಣ ಇಳಿಯುವುದಿಲ್ಲ, ದಿಬ್ಬಗಳಿಗೆ ಮಾತ್ರ ಹತ್ತುತ್ತದೆ. ಮೊದಲು ಕಾವಿ, ಕೊನೆಗೆ ಒಂದೆರಡು ಕಡೆ ಮಾತ್ರ ಕಡುಕಂದು. ಇದನ್ನೆಲ್ಲ ಬೇಯಿಸುವ ಮೊದಲೇ ಮಾಡಬೇಕು, ಹಸಿ ಪಾಲಿಮರ್ ಕ್ಲೇಗೆ ಪುಡಿ ಚೆನ್ನಾಗಿ ಅಂಟುತ್ತದೆ.

ಕಾಯಿ ಒಬ್ಬಟ್ಟಾದರೆ ಒಳಗಿನ ಹೂರಣ ಸ್ವಲ್ಪ ಕಾಣಲಿ. ಒಂದು ಒಬ್ಬಟ್ಟನ್ನು ಮಡಿಸಿ ಅಂಚಿನಲ್ಲಿ ಬಿರುಕು ಕೊಟ್ಟರೆ ಸಾಕು.

ಚಿರೋಟಿಯ ಪದರಗಳು? ಅಷ್ಟು ಸಣ್ಣದರಲ್ಲಿ ಸಾಧ್ಯವಾ?

ಎಲ್ಲಕ್ಕಿಂತ ಸುಲಭ ಅದೇ, ಯಾಕೆಂದರೆ ಅಡುಗೆಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೇ ಮಾಡಬೇಕು. ಕೆನೆ ಬಣ್ಣದ ಮೂರು ತೆಳು ಹಾಳೆ, ಮಧ್ಯೆ ಮಧ್ಯೆ ಟ್ರಾನ್ಸ್‌ಲೂಸೆಂಟ್ ಹಾಳೆ, ಅಂದರೆ ತುಪ್ಪ ಅಕ್ಕಿಹಿಟ್ಟಿನ ಜಾಗಕ್ಕೆ ಅದು. ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಸುರುಳಿ ಸುತ್ತಿ. ಸುರುಳಿಯನ್ನು ಮೆಲ್ಲಗೆ ಉರುಳಿಸುತ್ತಾ ತೆಳ್ಳಗೆ ಮಾಡಿ. ಬಿಲ್ಲೆ ಕೊಯ್ದು ಬೆರಳಲ್ಲಿ ಒತ್ತಿ. ಸುರುಳಿ ಸಣ್ಣದಾದಷ್ಟೂ ಪದರವೂ ಅದರ ಜೊತೆಗೇ ಸಣ್ಣದಾಗುತ್ತದೆ, ನೀವು ಬೇರೆ ಏನೂ ಮಾಡಬೇಕಿಲ್ಲ. ಸೂಜಿಯಲ್ಲಿ ಪದರಗಳನ್ನು ಅಲ್ಲಲ್ಲಿ ಎಬ್ಬಿಸಿ. ಮೇಲೆ ಸಕ್ಕರೆ ಪುಡಿ ಬೇಕಾದರೆ ಮುಂದಿನ ಪ್ರಶ್ನೆ ನೋಡಿ.

ಧಾರವಾಡ ಪೇಡದ ಮೇಲಿನ ಸಕ್ಕರೆಗೆ ನಿಜವಾದ ಸಕ್ಕರೆ ಹಾಕಬಹುದಾ?

ಬೇಡ. ಇರುವೆ ಬರುತ್ತದೆ, ಮಳೆಗಾಲದಲ್ಲಿ ನೀರೊಡೆಯುತ್ತದೆ. ರಂಗೋಲಿ ಪುಡಿ ಬಳಸಿ. ಅದು ಕಲ್ಲಿನ ಪುಡಿ, ಓವನ್ನಿನ ಬಿಸಿಗೆ ಏನೂ ಆಗುವುದಿಲ್ಲ. ಹಳೇ ಬಟ್ಟೆಯಲ್ಲಿ ಸೋಸಿ ನಯವಾದದ್ದನ್ನು ಚಿರೋಟಿಗೆ ಇಡಿ, ತರಿಯಾಗಿ ಉಳಿದದ್ದು ಪೇಡಕ್ಕೆ. ಪೇಡದ ಉಂಡೆ ನಯವಾಗಿರಬಾರದು. ಕಡುಕಂದು ಕ್ಲೇಯನ್ನು ಉಗುರಿನಲ್ಲಿ ಚೂರು ಚೂರು ಮಾಡಿ, ಮತ್ತೆ ಸಡಿಲವಾಗಿ ಒತ್ತಿ ಉಂಡೆ ಕಟ್ಟಿ. ಹಾಲು ಗಂಟೆಗಟ್ಟಲೆ ಕಾಯಿಸಿ ಹುರಿದ ತರಿ ಹಾಗೆ ಬರುತ್ತದೆ. ಆಮೇಲೆ ರಂಗೋಲಿ ಪುಡಿಯಲ್ಲಿ ಹೊರಳಿಸಿ. ಪೂರ್ತಿ ಬಿಳಿ ಆಗುವುದು ಬೇಡ, ನಡುನಡುವೆ ಕಂದು ಇಣುಕಲಿ. ಧಾರವಾಡ ಪೇಡಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಲ್ಲಿಯವರು ನೋಡಿದರೆ ಗುರುತು ಹಿಡಿಯುವಂತಿರಬೇಕು, ಅಲ್ವಾ?

ಜಿಲೇಬಿ, ಜಹಾಂಗೀರ್ ಒಂದೇ ಸಮ ದಪ್ಪ ಬರುವುದಿಲ್ಲ.

ಕೈಯಲ್ಲಿ ಹೊಸೆಯುವುದನ್ನು ಬಿಡಿ. ಫೆವಿಕಾಲ್ ಕ್ಲೇಗೆ ಇನ್ನಷ್ಟು ಫೆವಿಕಾಲ್ ಬೆರೆಸಿ ಸಡಿಲ ಮಾಡಿ, ಖಾಲಿ ಮೆಹೆಂದಿ ಕೋನ್‌ಗೆ ತುಂಬಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಸುತ್ತಿ. ಮೆಹೆಂದಿ ಹಾಕಿ ಅಭ್ಯಾಸ ಇರುವವರಿಗೆ ಇದು ಸಲೀಸು. ಜಿಲೇಬಿ ಎರಡು ಮೂರು ಸುತ್ತು, ಅಡ್ಡಾದಿಡ್ಡಿ ಇದ್ದಷ್ಟೂ ಚೆಂದ. ಜಹಾಂಗೀರಿಗೆ ಮೊದಲು ಒಂದು ಉಂಗುರ, ಅದರ ಮೇಲೆ ಸುತ್ತಲೂ ಸಣ್ಣ ಕುಣಿಕೆಗಳು. ಬಣ್ಣಕ್ಕೆ ಬಿಳಿ ಸೇರಿಸಲೇಬೇಡಿ. ಬಿಳಿ ಬಂದರೆ ಬೆಳಕು ಒಳಗೆ ಹೋಗುವುದಿಲ್ಲ, ಪಾಕ ಕುಡಿದ ಹಾಗೆ ಕಾಣುವುದಿಲ್ಲ.

ಲಾಡಿನ ಬೂಂದಿ ಒಂದೊಂದೇ ಉರುಳಿಸಬೇಕಾ?

ಅಯ್ಯೋ, ಬೇಡ. ಹಳದಿ ಕ್ಲೇಯ ಒಂದು ತುಂಡನ್ನು ಮೊದಲೇ ಬೇಯಿಸಿ ಗಟ್ಟಿ ಮಾಡಿ. ಹಳೇ ತುರಿಮಣೆಯ ಸಣ್ಣ ತೂತಿನಲ್ಲಿ ತುರಿಯಿರಿ. ಆ ತರಿಯನ್ನು ಸ್ವಲ್ಪ ಹಸಿ ಕ್ಲೇಗೆ ಬೆರೆಸಿ ಉಂಡೆ ಕಟ್ಟಿ, ಹೊರಗೂ ಇನ್ನಷ್ಟು ತರಿ ಒತ್ತಿ. ತರಿಗೆ ಎರಡು ಛಾಯೆಯ ಹಳದಿ ಇದ್ದರೆ ಬೂಂದಿ ಬಿಡಿಬಿಡಿಯಾಗಿ ಕಾಣುತ್ತದೆ. ಒಂದು ಲವಂಗ ಚುಚ್ಚಿದ ಹಾಗೆ ಕಪ್ಪು ಚೂರು, ದ್ರಾಕ್ಷಿಗೆ ಒಂದು ಕಂದು ಚೂರು. ರವೆ ಉಂಡೆಗೆ ಇದೇ ಕ್ರಮ, ಬಿಳಿಯಲ್ಲಿ.

ಸಂಕ್ರಾಂತಿಯ ಸಕ್ಕರೆ ಅಚ್ಚು?

ಫೆವಿಕಾಲ್ ಕ್ಲೇಗೆ ಯಾವ ಬಣ್ಣವನ್ನೂ ಹಾಕಬೇಡಿ, ಒಣಗಿದ ಮೇಲೆ ತಾನೇ ಸಕ್ಕರೆಯ ಮಸುಕು ಬಿಳುಪಿಗೆ ಬರುತ್ತದೆ. ಅಚ್ಚಿಗೆ ಹಳೇ ಕಿವಿಯೋಲೆ, ಕೋಟಿನ ಗುಂಡಿ, ಬಳೆಯ ವಿನ್ಯಾಸ ಏನು ಬೇಕಾದರೂ ಆಗುತ್ತದೆ. ಎರಡು ಭಾಗದ ಸಿಲಿಕೋನ್ ಪುಟ್ಟಿಯಲ್ಲಿ ಅದರ ಗುರುತು ತೆಗೆದುಕೊಳ್ಳಿ.

ಏನೇನು ಸಲಕರಣೆ ಬೇಕು?

ಮನೆಯಲ್ಲಿ ಇರುವುದೇ. ಸೂಜಿ, ಹಲ್ಲುಕಡ್ಡಿ, ಹಳೇ ಟೂತ್‌ಬ್ರಷ್, ಬ್ಲೇಡು, ಲಟ್ಟಿಸಲು ಗಾಜಿನ ಸೀಸೆ, ಕೆಳಗೆ ಒಂದು ಹೊಳಪಿನ ಟೈಲ್ಸ್ ತುಂಡು. ಹಸಿ ಪಾಲಿಮರ್ ಕ್ಲೇಯನ್ನು ಪಾಲಿಶ್ ಮಾಡಿದ ಮೇಜಿನ ಮೇಲೋ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲೋ ಬಿಟ್ಟರೆ ಅಲ್ಲಿ ಕಲೆ ಕೂರುತ್ತದೆ. ಕೆಲವು ಪ್ಲಾಸ್ಟಿಕ್ ಮೆತ್ತಗಾಗಿಯೇ ಹೋಗುತ್ತದೆ. ಟೈಲ್ಸ್ ಆದರೆ ಅದರ ಸಮೇತ ಓವನ್‌ಗೆ ಇಡಬಹುದು, ತಿಂಡಿಯನ್ನು ಎತ್ತಿ ಹಾಳು ಮಾಡುವ ಪ್ರಮೇಯವೇ ಇಲ್ಲ.

ಕೆಲಸ ಯಾವಾಗಲೂ ಬಿಳಿಯಿಂದ ಶುರುವಾಗಲಿ, ಆಮೇಲೆ ಹಳದಿ, ಕೊನೆಗೆ ಕಂದು. ಜಾಮೂನು ಮಾಡಿದ ಕೈಯಲ್ಲಿ ರಸಗುಲ್ಲ ಮುಟ್ಟಿದರೆ ಕಥೆ ಮುಗಿಯಿತು. ಬಿಳಿ ಕ್ಲೇಗೆ ಬಟ್ಟೆಯ ಎಳೆ ಹತ್ತುವುದೂ ಬೇಗ, ಉಣ್ಣೆ ಸ್ವೆಟರ್ ಹಾಕಿಕೊಂಡು ಕೂರಬೇಡಿ.

ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಬೇಯಿಸಬೇಕು?

ಪೊಟ್ಟಣದ ಮೇಲೆ ಬರೆದಿರುತ್ತದೆ, ಅದೇ ಅಂತಿಮ. ಫಿಮೊ 110 ಡಿಗ್ರಿ ಸೆಲ್ಸಿಯಸ್, ಸ್ಕಲ್ಪಿಯ ಹೆಚ್ಚಿನ ಬಗೆಗಳು 135ರ ಹತ್ತಿರ. ಸಾಮಾನ್ಯವಾಗಿ ಅರ್ಧ ಗಂಟೆ. ಓವನ್ ಮೊದಲೇ ಕಾದಿರಬೇಕು.

ನಮ್ಮ ಮನೆಗಳ ಸಣ್ಣ ಓಟಿಜಿಯ (ಕರೆಂಟ್ ಓವನ್) ತೊಂದರೆ ಏನೆಂದರೆ, ಗುಂಡಿಯಲ್ಲಿ 130 ಅಂತ ಇಟ್ಟರೂ ಒಳಗೆ ಒಮ್ಮೆ 110, ಒಮ್ಮೆ 160 ಆಗುತ್ತಿರುತ್ತದೆ. ಓವನ್ ಥರ್ಮಾಮೀಟರ್ ಒಂದು ತಂದು ಒಳಗಿಡಿ. ದುಬಾರಿ ಕ್ಲೇ ತರುವ ಮೊದಲು ಅದನ್ನೇ ತನ್ನಿ ಅನ್ನುತ್ತೇನೆ. ತಿಂಡಿಗಳ ಮೇಲೆ ಅಲ್ಯುಮಿನಿಯಂ ಫಾಯಿಲನ್ನು ಗೂಡಿನಂತೆ ಮುಚ್ಚಿ, ಕಾಯಿಲ್‌ನ ಕೆಂಪು ಬಿಸಿ ನೇರ ತಾಗದಿರಲಿ.

ಕಡಿಮೆ ಬೆಂದರೆ ಮೇಲೆ ಗಟ್ಟಿ, ಒಳಗೆ ಪುಡಿಪುಡಿ. ಕೆಲವು ದಿನಗಳಲ್ಲಿ ಒಬ್ಬಟ್ಟಿನ ಅಂಚು ಮುರಿಯುತ್ತದೆ. ಅದನ್ನು ಮತ್ತೆ ಬೇಯಿಸಬಹುದು, ತೊಂದರೆಯಿಲ್ಲ. ಸುಟ್ಟರೆ ಮಾತ್ರ ಹುಷಾರು. ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು ಗಂಟಲು ಉರಿಯುತ್ತವೆ. ಓವನ್ ಆರಿಸಿ, ಕಿಟಕಿ ತೆರೆದು, ಹೊರಗೆ ಹೋಗಿ. ಸಾಧ್ಯವಿದ್ದರೆ ಈ ಕೆಲಸಕ್ಕೆ ಬೇರೆ ಓವನ್ ಇಡಿ.

ಮೈಕ್ರೋವೇವ್, ಕುಕ್ಕರ್, ಗ್ಯಾಸ್ ಒಲೆ?

ಮೈಕ್ರೋವೇವ್ ಬೇಡ. ಒಲೆಯ ಮೇಲೆ ಬಾಣಲೆಯಲ್ಲಿ ಮರಳು ಹಾಕಿ ಬೇಯಿಸುವವರೂ ಇದ್ದಾರೆ. ಶಾಖ ಎಷ್ಟಿದೆ ಅಂತ ತಿಳಿಯದೆ ಸುಡುವ ಸಾಧ್ಯತೆಯೇ ಹೆಚ್ಚು. ಓವನ್ ಇಲ್ಲದಿದ್ದರೆ ಸುಮ್ನೆ ಫೆವಿಕಾಲ್ ಕ್ಲೇಯಲ್ಲಿ ಮಾಡಿ.

ಅಡುಗೆಯ ಬಣ್ಣ, ಅರಿಶಿನ ಬಳಸಬಹುದಾ?

ಬಳಸಿದ ದಿನ ಚೆನ್ನಾಗಿರುತ್ತದೆ. ಬೆಳಕಿಗೆ ಬೇಗ ಮಾಸುತ್ತದೆ, ಅರಿಶಿನವಂತೂ ಇನ್ನೂ ಬೇಗ. ಫೆವಿಕಾಲ್ ಕ್ಲೇಗೆ ಅಕ್ರಿಲಿಕ್ ಬಣ್ಣ ಸಾಕು. ಒಣಗಿದ ಮೇಲೆ ಅದು ಗಾಢವಾಗುತ್ತದೆ, ಬೇಕಾದದ್ದಕ್ಕಿಂತ ಎರಡು ಛಾಯೆ ತಿಳಿಯಾಗಿ ಕಲಸಿ.

ಜಾಮೂನಿಗೆ ಪಾಕ ಹೇಗೆ? ನೇಲ್ ಪಾಲಿಶ್ ಹಚ್ಚಿದರೆ ಆಗುತ್ತದಾ?

ಪಾಲಿಮರ್ ಕ್ಲೇಗೆ ನೇಲ್ ಪಾಲಿಶ್ ಬೇಡವೇ ಬೇಡ. ಅದರಲ್ಲಿರುವ ದ್ರಾವಕ ಕ್ಲೇಯ ಜೊತೆ ಕೂಡಿ ಕೆಲವು ದಿನ, ವಾರಗಳಲ್ಲಿ ಮೇಲ್ಮೈ ಅಂಟಂಟಾಗುತ್ತದೆ, ಧೂಳು ಹಿಡಿದರೆ ಬಿಡುವುದಿಲ್ಲ. ಕೆಲವು ಸ್ಪ್ರೇ ವಾರ್ನಿಶ್‌ಗಳದ್ದೂ ಇದೇ ಗೋಳು. ನೀರು ಆಧಾರಿತ, ಹೊಳಪು ಕೊಡುವ ಅಕ್ರಿಲಿಕ್ ವಾರ್ನಿಶ್ ಹಚ್ಚಿ.

ಬಟ್ಟಲಿನಲ್ಲಿ ನಿಂತ ಪಾಕಕ್ಕೆ ಯುವಿ ರೆಸಿನ್ ಚೆನ್ನ, ಅದು ಯುವಿ ದೀಪದ ಬೆಳಕಿಗೆ ಗಟ್ಟಿಯಾಗುವ ಪಾರದರ್ಶಕ ದ್ರವ. ಒಂದು ತೊಟ್ಟು ಹಳದಿ, ಕೂದಲೆಳೆಯಷ್ಟು ಕಂದು ಸೇರಿಸಿ. ಜಾಮೂನಿನ ಅರ್ಧದವರೆಗೆ ಮಾತ್ರ ಹೊಯ್ದು ಯುವಿ ದೀಪದ ಕೆಳಗೆ ಇಡಿ. ರೆಸಿನ್ ಕೈಗೆ ತಾಗಿದರೆ ಕೆಲವರಿಗೆ ಅಲರ್ಜಿ ಬರುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ತುಣುಕು ಕೇಸರಿ ಎಸಳಿಗೆ ಕೆಂಪು ದಾರದ ಒಂದೆಳೆ ಕತ್ತರಿಸಿ ಹಾಕಿದರೆ ನೋಡಿದವರು ಮೂಸಿ ನೋಡುತ್ತಾರೆ.

ಮಕ್ಕಳು ಬಾಯಿಗೆ ಹಾಕಿಕೊಂಡರೆ?

ಗೊಂಬೆ ನೋಡಲು ಬರುವ ಮಕ್ಕಳು ಹಾಕಿಕೊಳ್ಳಲು ನೋಡುತ್ತಾರೆ, ಅದು ಖಂಡಿತ. ನಿಮ್ಮ ಕೆಲಸ ಎಷ್ಟು ಚೆನ್ನಾಗಿದೆಯೋ ಅಷ್ಟು ಅಪಾಯ. ವಿಷಕ್ಕಿಂತ ದೊಡ್ಡ ಭಯ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಆದ್ದರಿಂದ ತಿಂಡಿಯ ತಟ್ಟೆ ಕೆಳಗಿನ ಮೆಟ್ಟಿಲಲ್ಲಿ ಇರಬಾರದು. ಪ್ರತಿ ತಿಂಡಿಯನ್ನೂ ತಟ್ಟೆಗೆ, ತಟ್ಟೆಯನ್ನು ಹಲಗೆಗೆ ಅಂಟಿಸಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಉಡುಗೊರೆ ಕೊಡಬೇಡಿ.

ಏಳೆಂಟು ವರ್ಷದ ಮಕ್ಕಳು ಜೊತೆ ಕೂತು ಮಾಡಬಹುದು. ಓವನ್, ಬ್ಲೇಡು, ರೆಸಿನ್ ದೊಡ್ಡವರ ಕೈಯಲ್ಲಿರಲಿ.

ನಿಜವಾದ ಮಣ್ಣಿನಲ್ಲಿ ಮಾಡಲಾಗುವುದಿಲ್ಲವಾ?

ಧಾರಾಳವಾಗಿ ಆಗುತ್ತದೆ. ಬಂಗಾಳದ ಕೃಷ್ಣನಗರದಲ್ಲಿ ಘೂರ್ಣಿ ಎಂಬ ಕಡೆ ಕುಂಬಾರರು ಜೇಡಿಮಣ್ಣಿನಲ್ಲಿ ಮಾಡಿದ ಹಣ್ಣು, ತರಕಾರಿ ಕಂಡರೆ ಇದು ಮಣ್ಣು ಅಂತ ನಂಬುವುದೇ ಕಷ್ಟ. ಆದರೆ ಅದು ತಲೆಮಾರುಗಳ ಕೈಚಳಕ. ಮನೆಯಲ್ಲಿ ಮಾಡುವಾಗ ತೊಂದರೆ ಎರಡು. ಒಲೆಯಲ್ಲಿ ಸುಡದ ಮಣ್ಣು ತೆಳ್ಳಗಿದ್ದರೆ ಪುಡಿಯಾಗುತ್ತದೆ, ಚಿರೋಟಿ ನಿಲ್ಲುವುದಿಲ್ಲ. ಬಣ್ಣವನ್ನೆಲ್ಲ ಮೇಲಿನಿಂದ ಬಳಿಯಬೇಕಾಗುವುದರಿಂದ ಒಳಗಿನಿಂದ ಬೆಳಕು ಬರುವ ತಿಂಡಿ ಯಾವುದೂ ಆಗುವುದಿಲ್ಲ. ಕಜ್ಜಾಯ, ಎಳ್ಳುಂಡೆ, ಗೋಕಾಕದ ಕರದಂಟು, ಬೆಳಗಾವಿ ಕುಂದಾ, ಇಂಥ ಕಂದು ತಿಂಡಿಗಳಿಗೆ ಮಣ್ಣು ಒಪ್ಪುತ್ತದೆ. ಗಣೇಶನ ಹಬ್ಬಕ್ಕೆ ಮೂರ್ತಿ ಮಾಡುವವರ ಹತ್ತಿರ ಒಂದು ಮುದ್ದೆ ಕೇಳಿ ತನ್ನಿ, ಕಲ್ಲು ಕಸ ಇಲ್ಲದ ಹದವಾದ ಮಣ್ಣು ಅವರಲ್ಲಿರುತ್ತದೆ.

ಇದು ಜಪಾನಿನ ಕಲೆ ಅಂತ ಹೇಳುತ್ತಾರಲ್ಲ?

ಅರ್ಧ ನಿಜ. ಜಪಾನಿನ ಹೋಟೆಲುಗಳ ಮುಂದೆ ಗಾಜಿನೊಳಗೆ ಇಡುವ ನಕಲಿ ಊಟ ಬಹಳ ಹೆಸರಾದದ್ದು. ಗಿಫು ಪ್ರಾಂತದ ಗುಜೋ ಹಾಚಿಮಾನ್ ಊರಿನ ಇವಾಸಾಕಿ ತಾಕಿಜೋ ಎಂಬವರು 1932ರಲ್ಲಿ ಒಸಾಕಾದಲ್ಲಿ ಇದನ್ನು ಉದ್ಯಮವಾಗಿ ಶುರು ಮಾಡಿದರು. ಆಗ ಮೇಣದಲ್ಲಿ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್. ಆದರೆ ಅದು ನಿಜವಾದ ಅಳತೆಯದ್ದು. ಕ್ಲೇಯಲ್ಲಿ ಪುಟಾಣಿ ಕೇಕು, ಬಿಸ್ಕತ್ತು ಮಾಡುವ ಹವ್ಯಾಸವನ್ನು ಅಲ್ಲಿಯವರು ತುಂಬಾ ಬೆಳೆಸಿದ್ದಾರೆ, ಪೇಸ್ಟಲ್ ಪುಡಿ ಸವರುವ ಕ್ರಮವನ್ನು ನಮ್ಮಲ್ಲಿ ಅನೇಕರು ಅವರ ವಿಡಿಯೋ ನೋಡಿಯೇ ಕಲಿತದ್ದು. ಪುಟ್ಟ ಒಲೆ, ಪುಟ್ಟ ಬೀಸುಕಲ್ಲು, ಪುಟ್ಟ ಪಾತ್ರೆಯ ಆಟ ಮಾತ್ರ ನಮ್ಮಲ್ಲೂ ಹಳೆಯದೇ. ಚನ್ನಪಟ್ಟಣದ ಅಡುಗೆ ಸೆಟ್ಟಿನಲ್ಲಿ ಆಡದ ಮಕ್ಕಳು ಕಡಿಮೆ. ಆ ಪಾತ್ರೆಗಳಲ್ಲಿ ತಿಂಡಿ ಇರಲಿಲ್ಲ, ಅಷ್ಟೇ.

ಮಾಡಿ ಮಾರಬಹುದಾ?

ಮಾರಬಹುದು. ಫ್ರಿಜ್ ಮ್ಯಾಗ್ನೆಟ್, ಕೀ ಚೈನು, ಜಿಲೇಬಿ ಜುಮುಕಿಗೆ ಗಿರಾಕಿ ಇದ್ದಾರೆ. ಆದರೆ ಆಟಿಕೆ ಅಂತ ಮಾರಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ನಮ್ಮ ದೇಶದಲ್ಲಿ 2021ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಲಂಕಾರದ ವಸ್ತು, ತಿನ್ನುವಂಥದ್ದಲ್ಲ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಅಂಟಿಸಿ. ಯುರೋಪಿಗೆ ಕಳಿಸುವವರು ಇನ್ನೂ ಎಚ್ಚರದಿಂದಿರಿ, ತಿಂಡಿಯೆಂದು ತಪ್ಪು ತಿಳಿಯುವಂಥ ವಸ್ತುಗಳ ಬಗ್ಗೆ ಅಲ್ಲಿ 1987ರಲ್ಲೇ ನಿಯಮ ಬಂದಿತ್ತು, 2024ರ ಕೊನೆಯಿಂದ ಅದರ ಜಾಗದಲ್ಲಿ ಹೊಸ ನಿಯಮ ಜಾರಿಯಲ್ಲಿದೆ.

ಬೆಲೆ ಹೇಳುವಾಗ ಕ್ಲೇಯ ಲೆಕ್ಕ ಹಾಕಬೇಡಿ, ಕೂತ ಗಂಟೆಗಳ ಲೆಕ್ಕ ಹಾಕಿ. ‘ಇಷ್ಟಕ್ಕೆ ನಿಜವಾದದ್ದೇ ಅರ್ಧ ಕೆಜಿ ಬರುತ್ತಲ್ರೀ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ನಗುತ್ತಾ ಹೌದು ಅನ್ನಿ, ಬೆಲೆ ಇಳಿಸಬೇಡಿ.

ಗೊಂಬೆ ಎತ್ತಿಟ್ಟ ಮೇಲೆ ಮುಂದಿನ ವರ್ಷದವರೆಗೆ ಹೇಗೆ ಕಾಪಾಡುವುದು?

ಫೆವಿಕಾಲ್ ಕ್ಲೇಯ ತಿಂಡಿಗಳಿಗೆ ಎತ್ತಿಡುವ ಮೊದಲು ಎಲ್ಲ ಬದಿಗೂ, ತಳಕ್ಕೂ ವಾರ್ನಿಶ್ ಬಿದ್ದಿದೆಯಾ ನೋಡಿ. ಮೈಸೂರು ಪಾಕ್‌ನಂಥವಕ್ಕೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್. ಬಿಟ್ಟುಹೋದ ಜಾಗದಿಂದಲೇ ತೇವ ಒಳಗೆ ಹೋಗುತ್ತದೆ, ಕಾರ್ನ್‌ಫ್ಲೋರ್ ಇರುವುದರಿಂದ ಹುಳು, ಜಿರಲೆಗಳಿಗೂ ಇಷ್ಟ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇದರಲ್ಲಿ ಉದಾಸೀನ ಮಾಡಲೇಬಾರದು. ಅಲ್ಲಿನ ಮಳೆಗಾಲದಲ್ಲಿ ಕ್ಲೇ ಒಣಗಲು ತುಂಬಾ ಹೊತ್ತು ಹಿಡಿಯುತ್ತದೆ, ಫ್ಯಾನ್ ಕೆಳಗಿಟ್ಟು ಆಗಾಗ ಮಗುಚಬೇಕು.

ಒಂದೊಂದನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟರೆ ಸಾಕಾಗುತ್ತದೆ. ನುಸಿ ಗುಳಿಗೆಯನ್ನು ಗೊಂಬೆಗಳ ಪೆಟ್ಟಿಗೆಗೆ ಹಾಕುವ ರೂಢಿ ಇದ್ದರೆ, ಈ ಡಬ್ಬಿಗೆ ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್, ವಾರ್ನಿಶ್‌ಗಳನ್ನು ಮೆತ್ತಗೆ ಮಾಡುತ್ತದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ತಿನ್ನಬೇಡಿ’ ಅಂತ ಬರೆದು, ಅಟ್ಟದ ಬದಲು ಬೀರುವಿನಲ್ಲಿ ಇಡಿ. ಹೆಂಚಿನ ಮನೆಯ ಅಟ್ಟದಲ್ಲಿ ಬೇಸಿಗೆಯ ಬಿಸಿಗೆ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಜಹಾಂಗೀರಿನ ಕುಣಿಕೆಗಳೇ ಮೊದಲು ಮುರಿಯುತ್ತವೆ.